ಹರಿಗೋಲಿನ ಎರ್ರಿಯಪ್ಪ ಆರಿಸಿದ ಬೂಮ್

ನಿಂತವನ ಗದ್ದ ಮುಟ್ಟುವ ಕೋಲೇ ಅವನ ಹುಟ್ಟು. ಅದಕ್ಕಿಂತ ಉದ್ದವಾದರೆ ಹೊಳೆ ಕೈಯನ್ನು ಎಳೆದಾಡುತ್ತದೆ, ಗಿಡ್ಡವಾದರೆ ನಡು ಬಗ್ಗುತ್ತದೆ. ಹರಿಗೋಲು ನಡೆಸುವ ಎರ್ರಿಯಪ್ಪನಿಗೆ ಅವರಪ್ಪ ಹೇಳಿಕೊಟ್ಟ ಲೆಕ್ಕ ಇಷ್ಟೇ. ಹಂಪಿಯ ಹೊಳೆದಂಡೆಯಲ್ಲಿ ಅವನನ್ನು ನೆಟ್ಟಗೆ ನಿಲ್ಲಿಸಿ, ಕೋಲನ್ನು ಗದ್ದಕ್ಕೆ ಹಿಡಿದು, ಕುಡುಗೋಲಿನ ತುದಿಯಿಂದ ಗೀರು ಹಾಕಿದ್ದ. ಮುಂದೆ ಎರ್ರಿಯಪ್ಪ ತನ್ನ ಮಗ ಹಂಪೇಶನನ್ನೂ ಹಾಗೆಯೇ ನಿಲ್ಲಿಸಿದ. ಹುಡುಗ ಬೆಳೆದದ್ದು ಎಷ್ಟೆಂದರೆ, ಕೊನೆಯ ಹುಟ್ಟಿಗೆ ಗೀರು ಹಾಕಲು ಅಪ್ಪ ಕಲ್ಲು ಹತ್ತಬೇಕಾಯಿತು. "ಇನ್ನ ಬೆಳೀಬ್ಯಾಡಲೇ, ಅಷ್ಟುದ್ದ ಕೋಲು ಎಲ್ಲಿಂದ ತರಲಿ?" ಎಂದು ನಕ್ಕಿದ್ದ.

ಆ ಹುಟ್ಟನ್ನು ಹಂಪೇಶ ಬಹಳ ದಿನ ಹಿಡಿಯಲಿಲ್ಲ. ಹೊಳೆ ದಾಟುವವರು ಕಡಿಮೆಯಾದಾಗ ಎರ್ರಿಯಪ್ಪ ಸಂಸಾರ ಕಟ್ಟಿಕೊಂಡು ಹೊಸಪೇಟೆ ಡ್ಯಾಮಿನ ಹಿನ್ನೀರಿಗೆ ಬಂದ. ಕಂಪ್ಲಿಯ ರೈಸ್‌ಮಿಲ್ ಮನೆತನದ ಶಂಭುಲಿಂಗ ಅಲ್ಲಿ ನೀರಾಟದ ಕ್ಯಾಂಪು ತೆರೆದಿದ್ದ. ಬಿದ್ದವರನ್ನು ಹರಿಗೋಲಿನಲ್ಲಿ ಎತ್ತಿ ತರುವುದು ಎರ್ರಿಯಪ್ಪನ ಕೆಲಸವಾಯಿತು. ಹಂಪೇಶನ ಮನಸ್ಸು ಮಾತ್ರ ವಿಂಡ್‌ಸರ್ಫಿಂಗಿಗೆ ಅಂಟಿತು. ನೀರಿನ ಮೇಲೊಂದು ಹಲಗೆ, ಅದರ ಮೇಲೆ ಕಂಬ, ಕಂಬಕ್ಕೆ ಹಾಯಿ; ದಂಡೆಯವರ ಬಾಯಲ್ಲಿ ಅದು ಪಟ. ಬಿಲ್ಲಿನಂತೆ ಬಾಗಿದ ಜೋಡಿ ಕೊಳವೆಗಳು ಹಾಯಿಯನ್ನು ಎರಡೂ ಕಡೆಯಿಂದ ಅಪ್ಪಿಕೊಂಡಿರುತ್ತವೆ. ಅದೇ ಬೂಮ್. ಅದನ್ನು ಹಿಡಿದು ಹಿಂದಕ್ಕೆ ವಾಲಿ ನಿಂತರೆ ಗಾಳಿಯೇ ಕರೆದೊಯ್ಯುತ್ತದೆ. ಕ್ಯಾಂಪಿಗೆ ಬಂದ ಎತ್ತರದ ಅತಿಥಿಯೊಬ್ಬ ಹಂಪೇಶನಿಗೆ ಅದನ್ನು ಕಲಿಸಿ, ಹೋಗುವಾಗ ತನ್ನ ದೊಡ್ಡ ಹಾಯಿಯನ್ನೂ ಕೊಟ್ಟುಹೋದ. ಆಷಾಢದ ಗಾಳಿಗೆ ಮಗ ಹಿನ್ನೀರನ್ನು ಸೀಳಿಕೊಂಡು ಹೋಗುತ್ತಿದ್ದರೆ ಎರ್ರಿಯಪ್ಪ ಹುಟ್ಟು ಬಿಟ್ಟು ನೋಡುತ್ತಿದ್ದ. ತಮ್ಮ ವಂಶದಲ್ಲಿ ಬೆನ್ನು ಬಗ್ಗಿಸದೆ ನೀರು ದಾಟಿದವನು ಇವನೊಬ್ಬನೇ ಅನ್ನಿಸುತ್ತಿತ್ತು.

ಸೊಸೆ ಗಂಗೋತ್ರಿ ಸಂಡೂರು ಸೀಮೆಯ ಚೋರನೂರಿನವಳು. ಮಳೆ ನಂಬಿ ಬಿತ್ತುವ ಆ ಊರಿನಲ್ಲಿ ಅವಳು ನೋಡಿದ ಹರಿಯುವ ನೀರೆಂದರೆ ಬೋರ್‌ವೆಲ್ ಪೈಪಿನದು. ಹಂಪೇಶ ಅವಳಿಗೂ ಕ್ಯಾಂಪಿನ ಸಣ್ಣ ಹಾಯಿ ಕಟ್ಟಿಕೊಟ್ಟು ಹಲಗೆಯ ಮೇಲೆ ನಿಲ್ಲುವುದನ್ನು ಕಲಿಸಿದ. ಅತ್ತೆ ಗಾಳೆಮ್ಮ ಮೊದಮೊದಲು "ಸೀರಿ ಉಟ್ಟಾಕಿ ಪ್ಯಾಂಟ್ ಹಾಕ್ಕೊಂಡು ತೇಲತಾಳ ನೋಡು" ಎಂದು ಮೂಗು ಮುರಿದು, ಆಮೇಲೆ ದಂಡೆಗೆ ಬಂದು ಕೂತು ನೋಡತೊಡಗಿದಳು. ಹೋದ ದೀಪಾವಳಿಗೆ ತವರಿಗೆ ಹೋಗಿದ್ದ ಗಂಗೋತ್ರಿಯನ್ನು ಕರೆತರಲು ಹಂಪೇಶ ಬೈಕಿನಲ್ಲಿ ಹೊರಟ. ಸಂಡೂರಿನ ಘಟ್ಟದಲ್ಲಿ ಅದಿರು ಲಾರಿಗೆ ಸಿಕ್ಕ. ನೀರಿನಲ್ಲಿ ಎಂದೂ ಬೀಳದವನು ನೆಲದ ಮೇಲೆ ಹೋದ.

ಗಾಳಿ ಮತ್ತೆ ಬಂತು. ಕ್ಯಾಂಪಿಗೆ ಬಂದವರಿಗೆ ಹಾಯಿ ಹಿಡಿಯಲು ಕಲಿಸುತ್ತಿದ್ದ ಹಂಪೇಶನ ಜಾಗದಲ್ಲಿ ಗಂಗೋತ್ರಿಯೇ ಕಲಿಸಲಿ ಎಂದ ಶಂಭುಲಿಂಗ. ಹಳೆಯ ಬೂಮ್ ಬಿರುಕು ಬಿಟ್ಟಿದ್ದರಿಂದ ಗೋವಾದಿಂದ ಎರಡನ್ನು ಬಸ್ಸಿಗೆ ಹಾಕಿಸಿ ತರಿಸಿದ್ದ. ಒಂದು ಉದ್ದ, ಒಂದು ಗಿಡ್ಡ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ವಾಪಸು ಕಳಿಸಬೇಕು. ಎರಡಕ್ಕೂ ಪುಟ್ಟ ರಾಟೆಗಳ ಮೇಲೆ ಓಡುವ ಹಗ್ಗವಿತ್ತು. ಸವಾರಿಯ ನಡುವೆಯೇ ಅದನ್ನು ಜಗ್ಗಿದರೆ ಹಾಯಿ ಬಿಗಿಯುತ್ತದೆ, ಬಿಟ್ಟರೆ ಉಬ್ಬುತ್ತದೆ. ಇಂಥದೊಂದು ಬೇಕೆಂದು ಹಂಪೇಶ ಬಹಳ ಆಸೆಪಟ್ಟಿದ್ದ.

ಎರ್ರಿಯಪ್ಪ ಉದ್ದನೆಯದನ್ನು ಎತ್ತಿ ನೆಟ್ಟಗೆ ನಿಲ್ಲಿಸಿದ. ತನ್ನ ತಲೆಗಿಂತ ಮೇಲೆ, ಗಾಳಿಯಲ್ಲಿ ಒಂದು ಕಡೆ ಬೆರಳಿಟ್ಟ.

"ಇಲ್ಲಿಗೆ ಬರತೈತಿ. ಇದ ಇರಲಿ, ಸಾವ್ಕಾರ."

ಶಂಭುಲಿಂಗನಿಗೆ ನಗು ಬಂತು. "ಏ ಎರ್ರಿಯಪ್ಪ, ಇದೇನು ಹುಟ್ಟೇನು ಗದ್ದಕ್ಕ ಹಿಡಿಯಾಕ? ಬೂಮ್ ಆರಿಸೋದು ಪಟ ನೋಡಿ. ಪಟ ಆರಿಸೋದು ಮನಿಷಾರ ತೂಕ ನೋಡಿ." ಅಷ್ಟು ಹೇಳಿದವನು ಆ ಬೆರಳು ಯಾರ ಗದ್ದದ ಎತ್ತರದಲ್ಲಿದೆ ಎಂದು ತಿಳಿದು ನಗು ನಿಲ್ಲಿಸಿದ. ಆಮೇಲೆ ಮೆಲ್ಲಗೆ, "ಆಕಿಗೆ ಸಣ್ಣ ಪಟ, ಸಣ್ಣ ಬೂಮ್ ಸಾಕು," ಎಂದ.

"ಹಂಗಾದ್ರ ಹುಡುಗನ ಪಟ?"

"ಆ ಗಿಡ್ಡದಕ್ಕ ಅದು ಹತ್ತಂಗಿಲ್ಲಪ್ಪ."

ಎರ್ರಿಯಪ್ಪನ ಮುಖ ಬಾಡಿತು. ಗಿಡ್ಡ ಬೂಮ್ ಆರಿಸಿದರೆ ಮಗನ ಹಾಯಿ ಇನ್ನೆಂದೂ ನೀರಿನ ಮೇಲೆ ಏಳುವುದಿಲ್ಲ. ಅವನು ಹಗ್ಗವನ್ನು ತೋರಿಸಿದ. "ಇದನ್ನ ಜಗ್ಗಿದ್ರ ಪಟ ಸಣ್ಣದಾಗತೈತಲ್ರಿ? ಈಕಿಗೂ ಆತು, ಅವನ ಪಟಕ್ಕೂ ಆತು."

"ಹೊಟ್ಟಿ ಒಳಗ ಎಳಕೊಂಡ್ರ ಆಳು ಸಣ್ಣಾವ ಆಕ್ಕಾನೇನು? ಬಟ್ಟಿ ಅಷ್ಟ ಇರತೈತಿ, ಉಬ್ಬು ಇಳೀತೈತಿ, ಅಷ್ಟ."

ಎರ್ರಿಯಪ್ಪ ಸೊಸೆಯ ಕಡೆ ನೋಡಿದ. ಗಂಗೋತ್ರಿ ಆ ನೋಟದ ಮುಂದೆ ತಲೆ ತಗ್ಗಿಸಿ, "ಒಂದ್ಸಲ ನೋಡ್ತೀನಿ ಬಿಡ್ರಿ," ಎಂದಳು. ಶಂಭುಲಿಂಗ ಬೇಡವೆಂದರೂ ಲೈಫ್ ಜಾಕೆಟ್ ಬಿಗಿದುಕೊಂಡಳು. ಉದ್ದ ಬೂಮಿಗೆ ದೊಡ್ಡ ಹಾಯಿಯನ್ನು ಮಾವ ಸೊಸೆ ಇಬ್ಬರೂ ಸೇರಿ ಕಟ್ಟಿದರು.

ಹಾಯಿ ಎದ್ದಿತು. ದೂರದಿಂದ ನೋಡಿದರೆ ಹಂಪೇಶನೇ. ಎರ್ರಿಯಪ್ಪನ ಬಾಯಿಂದ "ಹೋ!" ಎಂಬ ಕೂಗು ಹೊರಟೇಹೋಯಿತು. ಮರುಕ್ಷಣ ಗುಡ್ಡದ ಕಡೆಯಿಂದ ಗಾಳಿ ಹೊಡೆಯಿತು. ಗಂಗೋತ್ರಿ ಹಗ್ಗವನ್ನು ಪೂರಾ ಜಗ್ಗಿದ್ದು ಕಾಣಿಸಿತು. ಹಾಯಿ ಹಲಗೆಯಂತೆ ಚಪ್ಪಟೆಯಾಯಿತು, ಆದರೂ ಅವಳನ್ನು ಬುಡಸಮೇತ ಕಿತ್ತು ಮುಂದಕ್ಕೆ ಬೀಸಿ ಒಗೆದು, ಅವಳ ಮೇಲೇ ಮಗುಚಿಕೊಂಡಿತು.

ಅವನು ಹರಿಗೋಲು ಹೇಗೆ ಹತ್ತಿದನೋ, ಹೇಗೆ ಹುಟ್ಟು ಹಾಕಿದನೋ. ಹತ್ತಿರ ಬರುವಷ್ಟರಲ್ಲಿ ಹಾಯಿಯ ಅಂಚಿನಿಂದ ಅವಳ ತಲೆ ಮೇಲೆ ಬಂತು. ರೆಟ್ಟೆ ಹಿಡಿದು ಎಳೆದುಕೊಂಡ. ಅವಳು ನೀರು ಕಾರಿ, ಏದುಸಿರು ಬಿಡುತ್ತಾ ಕೂತಳು. ಹುಬ್ಬಿನ ಮೇಲೆ ಬೂಮ್ ತಾಗಿ ರಕ್ತ ಬರುತ್ತಿತ್ತು. ಅವನು ಹೆಗಲ ಮೇಲಿದ್ದ ಟವೆಲಿನಿಂದ ಅದನ್ನು ಒತ್ತಿ ಹಿಡಿದ.

"ಬ್ಯಾಡ ಅನ್ನಬಾರದಿತ್ತೇನವ್ವಾ? ಗೊತ್ತಿತ್ತಲ್ಲ ನಿನಗ."

"ಗೊತ್ತಿತ್ತು, ಮಾವ."

"ಮತ್ತ?"

"ನನಗೂ ಅದನ್ನ ಒಮ್ಮಿ ಮ್ಯಾಲೆದ್ದಿದ್ದು ನೋಡಬೇಕಿತ್ತು." ಅವಳು ಟವೆಲನ್ನು ತಾನೇ ಹಿಡಿದುಕೊಂಡಳು. "ಕೆಳಗ ಸಿಕ್ಕೊಂಡಾಗ ಹೆದರಿಕಿ ಆತು, ಮಾವ. ಬದಕಬೇಕು ಅನಿಸ್ತು. ಅವ್ರು ಹೋದಾಗಿಂದ ಹಂಗ ಅನಿಸಿದ್ದಿಲ್ಲ."

ಎರ್ರಿಯಪ್ಪ ಹಾಯಿಯನ್ನು ಹರಿಗೋಲಿನ ಹಿಂದೆ ಕಟ್ಟಿಕೊಂಡು ದಂಡೆಗೆ ಬಂದ. ಶಂಭುಲಿಂಗ ಬಯ್ಯಲು ಬಾಯಿ ತೆರೆದವನು ಅವರ ಮುಖ ನೋಡಿ ಔಷಧದ ಡಬ್ಬಿ ತರಲು ಹೋದ. ಎರ್ರಿಯಪ್ಪ ಗಿಡ್ಡ ಬೂಮನ್ನು ಎತ್ತಿಕೊಂಡ. ಅದರ ಕೊಳವೆ ತೆಳ್ಳಗಿತ್ತು. ಗಂಗೋತ್ರಿಯ ಅಂಗೈಯನ್ನು ಅದರ ಮೇಲಿಟ್ಟು, ಬೆರಳು ಪೂರ್ತಿ ಸುತ್ತಿ ಬರುತ್ತದೆಯೇ ನೋಡಿದ. ಬಂತು. ರಾಟೆಯ ಹಗ್ಗವನ್ನು ಜಗ್ಗಿದ, ಬಿಟ್ಟ, ಮತ್ತೆ ಜಗ್ಗಿದ. ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

"ಇದ ಇರಲಿ, ಸಾವ್ಕಾರ," ಎಂದ, ಡಬ್ಬಿ ಹಿಡಿದು ಬಂದ ಶಂಭುಲಿಂಗನಿಗೆ. "ಆ ಉದ್ದಂದು ಗೋವಾಕ್ಕ ಕಳಿಸ್ತೀರಲ್ಲ, ಅದರ ಜೊತಿ ಈ ಪಟಾನೂ ಕಳಿಸ್ರಿ. ರೊಕ್ಕ ಏನೂ ಬ್ಯಾಡ. ಯಾರರ ಎತ್ತರದ ಹುಡುಗರಿದ್ರ ಕೊಡಂತ ಹೇಳ್ರಿ."

ಶಂಭುಲಿಂಗ ಗಂಗೋತ್ರಿಯ ಕಡೆ ನೋಡಿದ. ಅವಳು ಹೂಂ ಎಂದು ತಲೆಯಾಡಿಸಿದಳು.

ಹಾಯಿ ಒಣಗುವವರೆಗೂ ಇಬ್ಬರೂ ಅದರ ಪಕ್ಕದಲ್ಲೇ ಕೂತರು. ಆಮೇಲೆ ಆ ತುದಿಗೆ ಅವಳು, ಈ ತುದಿಗೆ ಅವನು ಮೊಣಕಾಲೂರಿ ಸುತ್ತತೊಡಗಿದರು. ಗಾಳಿ ಇನ್ನೂ ಬಿಟ್ಟಿರಲಿಲ್ಲ. ನಡುನಡುವೆ ಬಟ್ಟೆಯ ಕೆಳಗೆ ನುಗ್ಗಿ ಉಬ್ಬಿಸುತ್ತಿತ್ತು. ಉಬ್ಬಿದ ಕಡೆ ಎರ್ರಿಯಪ್ಪ ಎರಡೂ ಅಂಗೈಯಿಟ್ಟು, ನಿದ್ದೆ ಬಾರದ ಕೂಸಿನ ಬೆನ್ನು ಸವರುವಂತೆ, ಅದು ಇಳಿಯುವವರೆಗೆ ಸವರುತ್ತಿದ್ದ.