ತಕ್ಕಷ್ಟು

ನನ್ನ ಹೆಂಡತಿ ಸುಮಿತ್ರಾಗೆ ಇನ್ನೂ ತೆಲುಗು ಸರಿಯಾಗಿ ಬರುವುದಿಲ್ಲ. ಪುಣ್ಯಕ್ಕೆ ಬರುವುದಿಲ್ಲ!

ನನ್ನ ಬ್ಯಾಂಕ್ ವರ್ಗಾವಣೆಯ ಬೆನ್ನಿಗೆ ರಾಣೇಬೆನ್ನೂರು ಬಿಟ್ಟು ವಿಶಾಖಪಟ್ಟಣಕ್ಕೆ ಬಂದವಳು ಅವಳು. ಋಷಿಕೊಂಡದ ಕಂಪನಿಯೊಂದರಲ್ಲಿ ಒಂಬತ್ತು ವರ್ಷ ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿದಳು. ನಲವತ್ತು ದಾಟಿದ ಮೇಲೆ, ಜಾವಾ ಸರ್ವರುಗಳನ್ನು ಚುರುಕು ಮಾಡುವ ವಿದ್ಯೆ ಕಲಿಯುತ್ತೇನೆಂದು ಹಟ ಹಿಡಿದಳು. ವಿಜಯವಾಡದಲ್ಲಿದ್ದ ಮೇಲಧಿಕಾರಿ ಮಾಧವೀಲತಾ ಒಂದೇ ಒಂದು ಅವಕಾಶ ಕೊಟ್ಟರು. ಪರವಾಡದ ಕಾರ್ಖಾನೆ ಬಸ್ಸುಗಳ ಸೀಟು ಕಾದಿರಿಸುವ ಆ್ಯಪ್ ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಒತ್ತಿದೊಡನೆ ಮುಷ್ಕರ ಹೂಡುತ್ತಿತ್ತು. ಶನಿವಾರದ ಪರೀಕ್ಷೆಯಲ್ಲಿ ಅದು ಓಡಬೇಕು. ಇಲ್ಲದಿದ್ದರೆ ಮತ್ತೆ ತಪ್ಪು ಹುಡುಕುವ ಕುರ್ಚಿಯೇ ಗತಿ.

ಸರ್ವರಿನೊಳಗೆ ಕೋರಿಕೆಗಳನ್ನು ಹೊತ್ತು ಓಡುವ ಆಳುಗಳಿಗೆ ಥ್ರೆಡ್ ಅನ್ನುತ್ತಾರಂತೆ. ಇನ್ನೂರಿದ್ದದ್ದನ್ನು ಇವಳು ಮುನ್ನೂರು ಮಾಡಿದಳು. ಆ್ಯಪ್ ಇನ್ನೂ ನಿಧಾನವಾಯಿತು. ಆಳು ಸಾಲದು ಎಂದುಕೊಂಡಳು ಮಹಾತಾಯಿ.

ಶನಿವಾರ ಬೆಳಿಗ್ಗೆ ಸ್ಕೂಟರಿನಲ್ಲಿ ನನ್ನ ಹಿಂದೆ ಕೂತು, ಸಮುದ್ರದ ಗಾಳಿಯಲ್ಲಿ, ಸಹೋದ್ಯೋಗಿ ಸಾಯಿತೇಜನಿಗೆ ಫೋನಿನಲ್ಲಿ ಕೂಗಿದಳು: "ಥ್ರೆಡ್ಸ್ ತಕ್ಕಷ್ಟು ಪೆಟ್ಟು! ತಕ್ಕಷ್ಟು!"

ಜನಕ್ಕೆ ತಕ್ಕಷ್ಟು, ಅಂದರೆ ನಾನೂರಾದರೂ ಇಡು ಎಂಬುದು ಅವಳ ಮನಸ್ಸಿನಲ್ಲಿದ್ದದ್ದು. ತೆಲುಗಿನಲ್ಲಿ 'ಪೆಟ್ಟು' ಅಂದರೆ ಇಡು, 'ತಕ್ಕುವ' ಅಂದರೆ ಕಡಿಮೆ. ಸಾಯಿತೇಜ ನಲವತ್ತು ಇಟ್ಟುಬಿಟ್ಟ!

ನಾನು ಆಫೀಸಿನ ಕೆಳಗೆ ಇನ್ನೂ ಚಹಾ ಕುಡಿಯುತ್ತಿದ್ದೆ. ಇವಳು ಮೆಟ್ಟಿಲಿಳಿದು ಓಡಿ ಬಂದಳು. "ರೀ, ಅವ ಕಡಿಮಿ ಮಾಡ್ಯಾನ್ರೀ! ಓಡಾಕತ್ತೈತ್ರೀ!" ಒಂಬತ್ತು ಸೆಕೆಂಡು ಕಾಯಿಸುತ್ತಿದ್ದ ಸೀಟು ಈಗ ಒತ್ತಿದ ಕೂಡಲೇ ಸಿಗುತ್ತಿತ್ತು. ನನಗೂ ಕುಣಿಯುವಷ್ಟು ಖುಷಿ. ಆದರೆ ಬಾಯಿ ಸುಮ್ಮನಿರಬೇಕಲ್ಲ, "ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು" ಎಂದೆ.

ಅವಳ ಮುಖ ಕೆಂಪಾಯಿತು. ಮತ್ತೆ ಮೇಲೆ ಹೋದಳು. ಇಪ್ಪತ್ತು ಇಟ್ಟು ನೋಡಿದಳು, ಎಂಬತ್ತು ಇಟ್ಟು ನೋಡಿದಳು, ಮಧ್ಯಾಹ್ನದ ಊಟ ಮರೆತಳು. ಕೊನೆಗೆ ಗುಟ್ಟು ಸಿಕ್ಕಿತು. ಆಳುಗಳೆಲ್ಲ ಹೋಗಿ ನಿಲ್ಲುವುದು ಸೀಟುಗಳ ಲೆಕ್ಕವಿಡುವ ಒಂದೇ ಡೇಟಾಬೇಸಿನ ಮುಂದೆ. ಒಂದೇ ಒಲೆಯ ಅಡುಗೆಮನೆಗೆ ಮುನ್ನೂರು ಜನ ಬಡಿಸುವವರು ನುಗ್ಗಿದರೆ ಅನ್ನ ಹೊರಗೆ ಬರುವುದು ಹೇಗೆ?

ಸಂಜೆ ಮಾಧವೀಲತಾ ಫೋನಿನಲ್ಲಿ ಕೇಳಿದರು: "ನಲವತ್ತು ಯಾರಿಗೆ ಹೊಳೆದದ್ದು?"

ಇವಳು "ನನಗೇ" ಎನ್ನಬಹುದಿತ್ತು. ನಾನಾಗಿದ್ದರೆ ಖಂಡಿತ ಅನ್ನುತ್ತಿದ್ದೆ.

"ಯಾರಿಗೂ ಅಲ್ಲ ಮೇಡಂ. ನಾನು ತಕ್ಕಷ್ಟು ಅಂದೆ, ಸಾಯಿತೇಜನಿಗೆ ತಕ್ಕುವ ಅಂತ ಕೇಳಿಸಿತು."

ಆ ಕಡೆ ಬಿದ್ದು ಬಿದ್ದು ನಕ್ಕರು. ಆಮೇಲೆ ಕೇಳಿದರು: "ಸರಿ, ಈಗ ಹೇಳಿ ಸುಮಿತ್ರಾ ಗಾರು, ತಕ್ಕಷ್ಟು ಅಂದರೆ ಎಷ್ಟು?"

"ಮೂವತ್ತಾರು" ಎಂದಳು. "ಯಾಕೆ ಅಂತಲೂ ಹೇಳಬಲ್ಲೆ."

ಸೋಮವಾರ ಅವಳ ಕುರ್ಚಿ ಬದಲಾಯಿತು.