ಮೂರು ಗುಟುಕಿನ ಚಹಾ

ನನಗೆ ಕೋಪ ಮೂಗಿನ ತುದಿಯಲ್ಲೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮನೆಯಲ್ಲಿ ಎಲ್ಲರಿಗೂ ಉಪದೇಶ ಮಾಡುವವನೂ ನಾನೇ. ಕಳೆದ ಚಳಿಗಾಲದಲ್ಲಿ, ಈ ಕೊಲ್ಲಿ ದೇಶದ ರಿಗ್ಗೈಯಲ್ಲಿರುವ ನಮ್ಮ ಫ್ಲ್ಯಾಟಿಗೆ ಊಟಕ್ಕೆ ಬಂದಿದ್ದ ಸ್ನೇಹಿತರೆದುರು, "ನಮ್ಮ ಹುಡುಗಿಗೆ ಓದು ಹತ್ತುವುದಿಲ್ಲ, ಚಿತ್ರ ಗೀಚಿ ಗೀಚಿ ಹಾಳಾದಳು" ಎಂದುಬಿಟ್ಟೆ. ಹದಿಮೂರು ವರ್ಷದ ಮಗಳು ಪಲ್ಯದ ಪಾತ್ರೆ ಹಿಡಿದು ಅಲ್ಲೇ ನಿಂತಿದ್ದಳು. ಆಮೇಲೆ ಒಂದು ತಿಂಗಳು ನನಗೆ ಸಿಕ್ಕಿದ್ದು "ಓಕೆ", "ಫೈನ್" ಎರಡೇ ಮಾತು. ಅಹ್ಮದಿಯಲ್ಲಿರುವ ಆಫೀಸಿನಿಂದ ಬಂದರೆ, ಅವಳ ಹರಟೆಯಿಲ್ಲದ ಮನೆಯಲ್ಲಿ ನನಗೆ ಕೂರಲಾಗುತ್ತಿರಲಿಲ್ಲ.

ಆ ನಡುವೆ ಅವಳು ಅಮ್ಮನನ್ನು ಕಾಡಿಸಿ ಚೀನಾದ ಒಂದು ಟೀ ಸೆಟ್ ತರಿಸಿಕೊಂಡಳು. ಹೊಸದಾಗಿ ಚಹಾ ಮಾಡಲು ಕಲಿಯುವವರಿಗೆ, ಪ್ರಯಾಣಕ್ಕೆ ಅಂತಲೇ ಮಾಡಿದ್ದು. ಜಿಪ್ ಇರುವ ಡಬ್ಬಿಯೊಳಗೆ ಅಂಗೈಯಗಲದ ಒಂದು ಕುಡಿಕೆ, ಮೂರು ಪಿಂಗಾಣಿ ಕಪ್, ಎಲ್ಲದರ ಮೇಲೂ ಕೈಯಲ್ಲಿ ಬಿಡಿಸಿದ ನೀಲಿ ಮೀನು. ಒಂದು ಶುಕ್ರವಾರ ಮೂವರೂ ಮರುಭೂಮಿಯ ಕಡೆ ಹೊರಟಾಗ ಅದನ್ನು ಮಡಿಲಲ್ಲಿಟ್ಟುಕೊಂಡೇ ಕಾರಿನಲ್ಲಿ ಕುಳಿತಿದ್ದಳು.

ಚಾಪೆ ಹಾಸಿದ ಮೇಲೆ ಕುಡಿಕೆಗೆ ಚಹಾ ಎಲೆ ಹಾಕಿ, ಫ್ಲಾಸ್ಕಿನ ಬಿಸಿನೀರು ಸುರಿದಳು. ಮರುಕ್ಷಣ ಅಷ್ಟನ್ನೂ ಮರಳಿಗೆ ಚೆಲ್ಲಿದಳು.

"ಎಂತ ಮಾರಾಯ್ತಿ, ಒಳ್ಳೆ ಚಹಾ ಚೆಲ್ಲುವುದಾ?" ಎಂದು ಗದರಿದೆ.

ಮಗಳು ಕಪ್‌ಗಳನ್ನು ಡಬ್ಬಿಗೆ ತುಂಬತೊಡಗಿದಳು. ಹೆಂಡತಿ ನನ್ನನ್ನು ದುರುಗುಟ್ಟಿ ನೋಡಿದಳು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಇವತ್ತು ಹೀಗೇ ಎದ್ದು ಹೋದರೆ ಇವಳು ಇನ್ನು ನನ್ನ ಹತ್ತಿರ ಮಾತಾಡಲಾರಳು ಅನಿಸಿತು.

"ನನಗೆ ಗೊತ್ತಿಲ್ಲ ಮಗಾ, ಹೇಳಿಕೊಡು," ಎಂದೆ.

ಅವಳು ಕಪ್‌ಗಳನ್ನು ಮತ್ತೆ ಹೊರಗಿಟ್ಟಳು. "ಫಸ್ಟ್ ವಾಟರ್ ಎಲೆ ತೊಳೀಲಿಕ್ಕೆ ಪಪ್ಪಾ. ಸೆಕೆಂಡ್ ಒನ್ ವಿ ಡ್ರಿಂಕ್."

ಹಾಲಿಲ್ಲ, ಸಕ್ಕರೆಯಿಲ್ಲ. ಅವಳು ತುಂಬಿಸಿಕೊಟ್ಟ ಮೂರು ಗುಟುಕಿನ ಕಪ್ಪನ್ನು ಒಂದೇ ಗುಟುಕಿಗೆ ಮುಗಿಸಿ, "ಉಳಿದದ್ದು ಎಲ್ಲುಂಟು?" ಎಂದೆ. ಅವಳ ತುಟಿ ತುಸು ಸಡಿಲವಾಯಿತು. ಅದೇ ಎಲೆಗೆ ಮತ್ತೆ ನೀರು ಹಾಕಿದಳು. ಸಮುದ್ರದ ಬದಿಯಲ್ಲಿ ಹುಟ್ಟಿದವನ ಗತ್ತಿನಲ್ಲಿ ಕಪ್ ತಿರುಗಿಸಿ ಅದರ ಮೀನನ್ನು ನೋಡಿ, "ಇದು ಬಂಗುಡೆಯೂ ಅಲ್ಲ, ಬೂತಾಯಿಯೂ ಅಲ್ಲ," ಎಂದೆ. ನಕ್ಕುಬಿಟ್ಟಳು. ಒಂದು ಮೀನಿನ ಬಾಲ ಸೊಟ್ಟಗಿತ್ತು. ಬ್ರಷ್ ಎಲ್ಲಿ ತಡವರಿಸಿದೆ, ಎಲ್ಲಿ ಒಂದೇ ಎಳೆತಕ್ಕೆ ಹೋಗಿದೆ ಎಂದು ಬೆರಳಿಟ್ಟು ತೋರಿಸಿದಳು. ಅವಳಿಗೆ ಇಷ್ಟೆಲ್ಲ ಕಾಣುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

ನಾಲ್ಕನೆಯ ಸಲ ಸುರಿಯುವಾಗ ತಲೆಯೆತ್ತದೆ ಹೇಳಿದಳು: "ದಟ್ ಡೇ ಯು ಸೆಡ್ ಹಾಳಾದಳು. ಎಲ್ಲರ ಎದುರು."

"ತಪ್ಪಾಯ್ತು ಮಗಾ," ಎಂದೆ.

ಅವಳು ತಲೆಯಾಡಿಸಿ ಮತ್ತೆ ಕುಡಿಕೆಗೆ ನೀರು ಹಾಕಿದಳು. ಆಮೇಲೆ ಮಾತು ಶುರುವಾಯಿತು. ಆರ್ಟ್ ಟೀಚರ್ ಹೇಳಿದ್ದು, ಬಸ್ಸಿನಲ್ಲಿ ಗೆಳತಿಯ ಜೊತೆ ಜಗಳವಾಡಿದ್ದು, ಒಂದು ತಿಂಗಳಿನದ್ದೆಲ್ಲ ಬಂತು. ಖಾಲಿಯಾದಾಗಲೆಲ್ಲ ನಾನು ಕಪ್ ಮುಂದೆ ಚಾಚಿದೆ. ಹೊಟ್ಟೆಯೊಳಗೆ ನೀರು ಕುಲುಕಾಡುತ್ತಿತ್ತು. ಕೊನೆಗೆ ಅವಳು ಕುಡಿಕೆಯೊಳಗೆ ಇಣುಕಿ, "ಖಲಾಸ್ ಪಪ್ಪಾ. ಇಟ್ಸ್ ಜಸ್ಟ್ ಹಾಟ್ ವಾಟರ್," ಎಂದಳು.

"ಆಗಲಿ, ಇನ್ನೊಂದು ಹಾಕು," ಎಂದೆ.