ಹೊಸ ಕಂಬಳಿಯ ಕೂಸು

ನಮ್ಮ ಅಬ್ಬಾ ಮಹಮ್ಮದ್ ಗೌಸ್ ಚಿಕ್ಕಜಾಜೂರು ರೈಲು ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಟಿಕೆಟ್ ಕೊಟ್ಟವರು. ನಿವೃತ್ತಿಯಾದ ಮೇಲೆ ಜನ ಹಜ್ಜಿಗೆ ಹೋಗುತ್ತಾರೆ, ಇಲ್ಲವೇ ಹೆಂಡತಿಯ ಅಡುಗೆಗೆ ಹೆಸರಿಡುತ್ತಾರೆ. ಇವರು ಕಾದಂಬರಿಗೆ ಕೈಹಾಕಿದರು. ಅದೂ ಐನೂರು ವರ್ಷದ ಹಿಂದಿನ ದುರ್ಗದ ಕಥೆ. ಕುರಿ ಕಾಯುವ ಹೆಂಗಸೊಬ್ಬಳು, ಕೋಟೆಗೆ ಒಪ್ಪಿಸಲೆಂದು ನೂತು ನೇಯಿಸಿದ ಹೊಸ ಕಂಬಳಿಯನ್ನು ಒಪ್ಪಿಸದೆ, ಅದರಲ್ಲೇ ಅನಾಥ ಕೂಸೊಂದನ್ನು ಬಚ್ಚಿಟ್ಟು ಕೋಟೆಯಿಂದ ಹೊರಗೆ ತರುತ್ತಾಳೆ.

"ರಾಜರ ವಿಷ್ಯ ಕಲ್ಲಿನ ಮ್ಯಾಲೆ ಬರ್ದೈತೆ. ಈ ಹೆಣ್ಮಗಳು ಬೆಳಿಗ್ಗೆ ಎದ್ದು ಏನ್ ತಿಂತಿದ್ಲು ಅಂತ ಎಲ್ಲಿ ಬರ್ದೈತೆ?" ಎನ್ನುವುದು ಅವರ ತಕರಾರು.

ಹುಡುಕಾಟ ಮನೆಯಿಂದಲೇ ಶುರುವಾಯಿತು. ಆ ಕಾಲಕ್ಕೆ ಮೆಣಸಿನಕಾಯಿ ನಮ್ಮ ಸೀಮೆಗೆ ಬಂದಿರಲಿಲ್ಲ ಎಂದು ಎಲ್ಲೋ ಓದಿ, ಒಂದು ತಿಂಗಳು ಅದನ್ನು ಅಡುಗೆಮನೆಯಿಂದ ಗಡೀಪಾರು ಮಾಡಿದರು. ನಮ್ಮ ಅಮ್ಮಿ ಖಾತುನ್ ಬೀ ಕರಿಮೆಣಸು ಕುಟ್ಟಿ ಕುಟ್ಟಿ ಸಾಕಾಗಿ, "ಆ ನಿಮ್ ಹೆಣ್ಮಗಳನ್ನೇ ಕರ್ಕಂಬರ್ರಿ, ಅವ್ಳೇ ಸಾರು ಮಾಡ್ಲಿ" ಎಂದು ಲಟ್ಟಣಿಗೆ ಕುಕ್ಕಿದರು.

ನಾನು ಹೊಳಲ್ಕೆರೆಯ ಶಾಲೆಯೊಂದರಲ್ಲಿ ಕನ್ನಡ ಮೇಡಂ. ಆರು ವರ್ಷ ಅಬ್ಬಾ ಬರೆದು, ಹೊಡೆದುಹಾಕಿ, ಮತ್ತೆ ಬರೆದದ್ದನ್ನೆಲ್ಲ ಬೈದುಕೊಂಡೇ ಟೈಪ್ ಮಾಡಿದವಳು. ಕೊನೆಗೂ ಸೋಮವಾರ ಅಚ್ಚಿಗೆ ಕಳಿಸುವುದೆಂದಾಯಿತು. ಅದರ ಹಿಂದಿನ ಶುಕ್ರವಾರ ನಮ್ಮ ಶಾಲೆಯ ರೇಣುಕಮ್ಮ ಮೇಡಂ ಕೊನೆಯ ಅಧ್ಯಾಯ ಓದಿ ನಕ್ಕುಬಿಟ್ಟರು. ಅಲ್ಲಿ ಆ ಹೆಂಗಸು ಹೊಸ ಕಂಬಳಿಯಲ್ಲಿ ಕೂಸನ್ನು ಮೆತ್ತಗೆ ಸುತ್ತಿ, ಎದೆಗೆ ಅವಚಿಕೊಂಡು ಕೋಟೆಬಾಗಿಲು ದಾಟುತ್ತಾಳೆ.

"ಅಂಬ್ರೀನ್ ಮೇಡಂ, ನಿಮ್ಮಪ್ಪಾರು ಹೊಸ ಕಂಬ್ಳಿ ಮುಟ್ಟಿ ನೋಡಿದಾರೇನ್ರಿ? ಹರಿಯಬ್ಬೇಲಿ ನಮ್ಮ ದೊಡ್ಡಮ್ಮ ಅವ್ರೆ, ಹೋಗಿ ಕೇಳ್ರಿ" ಎಂದರು.

ಮುಟ್ಟಿರಲಿಲ್ಲ. ಅಬ್ಬಾ ಬಲ್ಲದ್ದು ತಮ್ಮ ಡ್ಯೂಟಿಯ ಹಳೇ ಕಂಬಳಿ ಒಂದನ್ನೇ. ಅದು ಮೂವತ್ತು ವರ್ಷ ಹೊದ್ದು ಹೊದ್ದು ಹತ್ತಿಯಂತಾಗಿತ್ತು.

ಶನಿವಾರ ಶಾಲೆ ಬಿಟ್ಟವಳೇ ಅಬ್ಬಾನನ್ನು ಕರೆದುಕೊಂಡು ಹಿರಿಯೂರಿಗೆ ಹೋಗಿ, ಅಲ್ಲಿಂದ ಬಸ್ಸು ಬದಲಿಸಿ ಹರಿಯಬ್ಬೆ ಮುಟ್ಟಿದೆ. ರೇಣುಕಮ್ಮನ ದೊಡ್ಡಮ್ಮ ಮಲ್ಲಕ್ಕ ಎಪ್ಪತ್ತು ದಾಟಿದವರು. ಜಗಲಿಯ ಮೇಲೆ ಉಣ್ಣೆ ನೂಲುತ್ತಲೇ, "ಬರ್ರಿ, ಕುಂತ್ಕಳ್ರಿ" ಎಂದು ಮೊದಲು ಕೋಟೆಬಾಗಿಲವರೆಗಿನ ಕಥೆಯನ್ನು ಹೇಳಿಸಿಕೊಂಡರು. ಆಮೇಲೆ ಒಳಗಿನಿಂದ ಹೊಸ ಕಂಬಳಿ ತಂದು ಬಗ್ಗಿಸಿ ನೆಲದ ಮೇಲೆ ಇಟ್ಟರು. ಅದು ತನ್ನಷ್ಟಕ್ಕೆ ತಾನೇ ನಿಂತುಕೊಂಡಿತು!

"ಹುಣಸೆಬೀಜದ ಗಂಜಿ ಕುಡ್ದೈತೆ ಸಾಬ್ರೆ. ಹೊಸದ್ರಲ್ಲಿ ಹಲಗೆ ಇದ್ದಂಗೆ ಇರ್ತೈತೆ. ಇದ್ರಾಗೆ ಕೂಸು ಸುತ್ತಾಕೆ ಆಗ್ತೈತಾ? ಚುಚ್ಚಿದ್ರೆ ಅದು ಕೋಟೆ ಹಾರೋಗಂಗೆ ಕಿರುಚ್ತೈತೆ. ಕಾವ್ಲಿನೋರೇನು ಕಿವುಡ್ರಾ?"

ಅಬ್ಬಾನ ಮುಖ ಸಪ್ಪಗಾಯಿತು. ಇಡೀ ಕಾದಂಬರಿ ಆ ಕಂಬಳಿಯ ಮೇಲೇ ನಿಂತಿತ್ತು. ನನಗೆ ರೇಣುಕಮ್ಮನ ಮೇಲೂ ಹುಣಸೆಬೀಜದ ಮೇಲೂ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಅಳು ಬಂತು.

"ಹಂಗಾರೆ ಆರು ವರ್ಷ ನೀರಲ್ಲಿ ಹೋಮ ಆತು" ಎಂದರು ಅಬ್ಬಾ ಮೆಲ್ಲಗೆ. "ಕೂಸು ಕೋಟೆ ಒಳಗೇ ಉಳ್ಕಂತು."

"ಬಿಡ್ತು ಅನ್ರಿ!" ಮಲ್ಲಕ್ಕ ಗದರಿದರು. "ಸುತ್ತಬ್ಯಾಡ್ರಿ ಅಂದೆ. ತರಬ್ಯಾಡ್ರಿ ಅಂದ್ನಾ?"

ನನ್ನನ್ನು ಎಬ್ಬಿಸಿ ನಿಲ್ಲಿಸಿ, ನನ್ನ ಚೀಲವನ್ನೇ ಹಳೇ ಸೀರೆಯಲ್ಲಿ ನನ್ನ ಬೆನ್ನಿಗೆ ಬಿಗಿದು ಕಟ್ಟಿದರು. ಅದರ ಮೇಲೆ, ಮಳೆಗೆ ಕುರುಬರು ತಲೆಯಿಂದ ಇಳಿಬಿಡುವ ಹಾಗೆ, ಕಂಬಳಿಯನ್ನು ಕೊಪ್ಪೆ ಮಾಡಿ ಹಾಕಿದರು.

"ಏನಾನ ಕಾಣ್ತೈತಾ ನೋಡ್ರಿ ಸಾಬ್ರೆ. ಹಳೇ ಕಂಬ್ಳಿ ಆಗಿದ್ರೆ ಮೈಗೆ ಅಂಟ್ಕಂಡು ಗೂನು ಎದ್ದು ಕಾಣ್ತಿತ್ತು. ಹೊಸದು ಗುಡ್ಲು ಇದ್ದಂಗೆ ನಿಲ್ತೈತೆ. ಮಳೇಲಿ ಎಳೇ ಮರಿ ನಾವು ತರೋದು ಹಿಂಗೇ."

ಅಬ್ಬಾ ನನ್ನ ಸುತ್ತ ಮೂರು ಸುತ್ತು ಬಂದರು, ಟಿಕೆಟ್ ಇಲ್ಲದವಳನ್ನು ಹಿಡಿಯುವವರ ಹಾಗೆ ಬಗ್ಗಿ ಬಗ್ಗಿ ನೋಡಿದರು. ಏನೂ ಕಾಣಲಿಲ್ಲ. ಜಗಲಿಯ ಮೇಲೆ ಕುಸಿದು ಕೂತು ನಗತೊಡಗಿದರು. ನಗುತ್ತಲೇ ಕಣ್ಣು ಒರೆಸಿಕೊಂಡರು. ನನಗೂ ಹೋದ ಜೀವ ಬಂದಂತಾಯಿತು. ಬದಲಿಸಬೇಕಾದದ್ದು ಎರಡೇ ಪುಟ, ಭಾನುವಾರ ಇಡೀ ದಿನ ಕೈಯಲ್ಲಿತ್ತು. ಕಂಬಳಿಯೊಳಗೆ ಬೆವರುತ್ತ ನಿಂತಿದ್ದ ನನ್ನನ್ನು ಬಿಡಿಸಬೇಕೆಂದು ಮಾತ್ರ ಇಬ್ಬರಿಗೂ ಹೊಳೆಯಲಿಲ್ಲ.

ಮಲ್ಲಕ್ಕ ಬಸ್ಸಿನವರೆಗೂ ಬಂದರು. ಕಂಡಕ್ಟರ್ ಸೀಟಿ ಊದಿದ ಮೇಲೂ ಕಿಟಕಿಯ ಸರಳು ಬಿಡದೆ, "ಸಾಬ್ರೆ, ಕೂಸು ಉಳೀತೇನ್ರಿ?" ಎಂದು ಕೇಳಿದರು.

ಆರು ವರ್ಷದಿಂದ ಅಮ್ಮಿಗೂ ಕಥೆಯ ಕೊನೆ ಹೇಳದ ನನ್ನ ಅಬ್ಬಾ ಅವರ ಕೈಮೇಲೆ ಕೈಯಿಟ್ಟು ಅಂದರು, "ಉಳೀತಮ್ಮ. ಈಗ ಉಳೀತು."